ಬರೆದಾಯಿತೆಂಬ ಗುರುತು

ಸೋಮವಾರದ ಕ್ರಮ ಹೀಗಿತ್ತು: ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆಯ ಆರಂಭ, ಮಧ್ಯಾಹ್ನದೊಳಗೆ ಫಲಿತಾಂಶ, ಊಟದ ನಂತರ ವರದಿ, ಐದು ಗಂಟೆಗೆ ಮಾಲೀಕರ ಕೋಣೆಯಲ್ಲಿ ತೀರ್ಮಾನ. ಈ ಕ್ರಮವನ್ನು ನಿಗದಿ ಮಾಡಿದವನು ಅವನೇ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಪುಟ್ಟ ಕಂಪನಿಯಲ್ಲಿ ಯಾವ ಕೆಲಸ ಯಾವುದರ ಹಿಂದೆ ಬರಬೇಕೆಂದು ಹೇಳುವ ಅಧಿಕಾರವನ್ನು ಯಾರೂ ಅವನಿಗೆ ಬರೆದುಕೊಟ್ಟಿರಲಿಲ್ಲ. ಏಳು ವರ್ಷಗಳಲ್ಲಿ ಅದು ತಾನಾಗಿಯೇ ಅವನ ಮೇಜಿನ ಮೇಲೆ ಬಂದು ಕುಳಿತಿತ್ತು. ಅವರು ತಯಾರಿಸುತ್ತಿದ್ದದ್ದು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳಿಗಾಗಿ ಒಂದು ಆ್ಯಪ್. ಯಾರಿಗೆ ಯಾವ ಚುಚ್ಚುಮದ್ದನ್ನು ಎಷ್ಟು ಕೊಟ್ಟೆನೆಂದು ನರ್ಸು ತನ್ನ ಟ್ಯಾಬ್ಲೆಟ್ಟಿನಲ್ಲಿ ದಾಖಲಿಸುತ್ತಾಳೆ. ಹೋದ ಮನೆಯಲ್ಲೆಲ್ಲ ನೆಟ್‌ವರ್ಕ್ ಸಿಗುವುದೆಂಬ ಭರವಸೆಯಿಲ್ಲವಾದ್ದರಿಂದ ಬರೆದದ್ದು ಆ್ಯಪ್‌ನ ಹೊಟ್ಟೆಯೊಳಗೇ ಭದ್ರವಾಗಿ ಉಳಿಯಬೇಕು. ಬರೆಯುತ್ತಿರುವಾಗ ಬ್ಯಾಟರಿ ಸತ್ತು ದಾಖಲೆ ಕಳೆದುಹೋದರೆ, ಮರುದಿನ ಬಂದ ಇನ್ನೊಬ್ಬ ನರ್ಸು ಕೊಟ್ಟ ಔಷಧಿಯನ್ನೇ ಮತ್ತೊಮ್ಮೆ ಕೊಟ್ಟುಬಿಡಬಹುದು. ಹಾಗಾಗದಂತೆ ಆ ಹೊಟ್ಟೆಯೊಳಗೆ ಕುಳಿತು ಕಾಯುವ ಡೇಟಾಬೇಸ್ ಲೈಬ್ರರಿ, ಅಂದರೆ ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಸಿದ್ಧ ಕೋಡು, ಯಾವುದಾಗಬೇಕೆಂಬುದು ಪ್ರಶ್ನೆ. ಕಣದಲ್ಲಿ ಉಳಿದಿದ್ದವು ಎರಡು. ಒಂದು ಎಲ್ಲರೂ ಬಳಸುವ ಹಳೆಯದು. ಹೋದ ವಾರದ ಪರೀಕ್ಷೆಯಲ್ಲಿ ಒಂದು ದಾಖಲೆಯನ್ನೂ ಕಳೆಯದೆ ಗೆದ್ದಿತ್ತು, ಆದರೆ ಅಗ್ಗದ ಟ್ಯಾಬ್ಲೆಟ್ಟುಗಳ ಮೇಲೆ ತುಂಬಿದ ಗಾಡಿಯಂತೆ ಏದುಸಿರು ಬಿಡುತ್ತಿತ್ತು. ಇನ್ನೊಂದು ಹೊಸದು, ಹಗುರ, ಚುರುಕು. ಅದರ ಹೆಸರು ಡಬ್ಬಿ. ಡಬ್ಬಿಯನ್ನು ಬರೆದವಳು ಅವನ ಹೆಂಡತಿ. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರಲು ಕಾರಣ ಸರಳ: ಅವಳು ಅದರ ಮೇಲೆ ತನ್ನ ಹೆಸರು ಹಾಕಿರಲಿಲ್ಲ. ಅವನು ಹೇಳದೆ ಉಳಿದದ್ದು ಮಾತ್ರ ಅಷ್ಟು ಸರಳವಲ್ಲ. ಆರು ತಿಂಗಳ ಹಿಂದೆ ಸೇರಿದ ಹುಡುಗಿ, ಎಲ್ಲರೂ ಹೊಸಬಳೆಂದೇ ಕರೆಯುತ್ತಿದ್ದವಳು, ಹದಿನೈದು ದಿನಗಳ ಹಿಂದೆ ಲ್ಯಾಪ್‌ಟಾಪನ್ನು ಎರಡು ಕೈಗಳ ಮೇಲೆ ತಟ್ಟೆಯಂತೆ ಹಿಡಿದು ಅವನ ಮೇಜಿನ ಬಳಿ ಬಂದಿದ್ದಳು. "ಸರ್, ಇದನ್ನೊಂದು ನೋಡಿ. ಬರೆದಿದ್ದು ಯಾರೋ ಗೊತ್ತಿಲ್ಲ, ಕೋಡು ಓದ್ತಿದ್ರೆ ಒಳ್ಳೆ ಕೈಬರಹ ನೋಡಿದ ಹಾಗಿದೆ." ಆಗ ಅವನ ನಾಲಿಗೆಯ ತುದಿಯವರೆಗೆ ಬಂದ ಮಾತು ಅಲ್ಲೇ ಒಣಗಿತು. ನನ್ನ ಹೆಂಡತಿಯದು ಎಂದರೆ ಇಡೀ ಕೋಣೆ ತನ್ನತ್ತ ತಿರುಗುತ್ತದೆ. ತಿರುಗಿ, ತನ್ನ ಹಿಂದೆ ಯಾರು ನಿಂತಿದ್ದಾರೆಂದು ನೋಡುತ್ತದೆ. ನೋಡೋಣ ಎಂದಷ್ಟೇ ಹೇಳಿ, ನೋಡುತ್ತಿರುವವನಂತೆ ಹುಬ್ಬು ಗಂಟಿಕ್ಕಿದ. ಕೈಬರಹ! ಅವನ ಕೋಡನ್ನು ಯಾರೂ ಎಂದೂ ಕೈಬರಹವೆಂದಿರಲಿಲ್ಲ. ಸ್ವಚ್ಛವಾಗಿದೆ ಎನ್ನುತ್ತಿದ್ದರು, ತೊಳೆದ ಬಕೆಟ್ಟಿಗೆ ಹೇಳುವ ಹಾಗೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟ ಹೆಂಡತಿ, ಮಗು ಮಲಗಿದ ಹೊತ್ತಿನಲ್ಲಿ ಊಟದ ಮೇಜಿನ ಒಂದು ಮೂಲೆಯಲ್ಲಿ ಕುಳಿತು ಬರೆಯಲು ಆರಂಭಿಸಿದಾಗ ಅವನಿಗೆ ಅದು ಹೆಣಿಗೆಯಂಥದೇನೋ ಆಗಿ ಕಂಡಿತ್ತು; ಬೇಸರ ಕಳೆಯಲು, ಕೈ ಆಡುತ್ತಿರಲು. ಅವನ ಅಕ್ಕ ಭಾವ ಬಂದಿದ್ದ ಒಂದು ಭಾನುವಾರ, ನಾದಿನಿ ಇಡೀ ದಿನ ಏನು ಮಾಡ್ತಾಳೆ ಎಂದು ಅಕ್ಕ ಕೇಳಿದ್ದಕ್ಕೆ, ಏನಿಲ್ಲಕ್ಕಾ, ಒಂದು ಡಬ್ಬಿ ಮಾಡ್ತಾಳೆ, ಅದರೊಳಗೆ ಹಾಕ್ತಾಳೆ, ತೆಗೀತಾಳೆ ಎಂದಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಒಳಗೆ ಹೋದಳು. ಮರುವಾರ ಲೈಬ್ರರಿಗೆ ಹೆಸರಿಟ್ಟಾಗ ಅವಳು ಅವನಿಗೆ ಹೇಳಲಿಲ್ಲ; ಅವಳ ಪರದೆಯ ಮೇಲೆ ಅದು ಅವನ ಕಣ್ಣಿಗೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ. ಈಗ ಎಲ್ಲೆಲ್ಲಿಯೋ ಇರುವ, ಮುಖ ಕಾಣದ ಜನ ಆ ಹೆಸರನ್ನು ಗೌರವದಿಂದ ಬರೆಯುತ್ತಿದ್ದರು.

ಒಂಬತ್ತೂವರೆಗೆ ಪರೀಕ್ಷೆ ಆರಂಭವಾಯಿತು. ಬ್ಯಾಟರಿ ಕಿತ್ತ ಒಂದು ಟ್ಯಾಬ್ಲೆಟ್ಟು, ಅದಕ್ಕೆ ವಿದ್ಯುತ್ತು ಕೊಡುವ ತಂತಿ, ಯಾವ ಗಳಿಗೆಯಲ್ಲಾದರೂ ಆ ವಿದ್ಯುತ್ತನ್ನು ಕಡಿಯಬಲ್ಲ ಪುಟ್ಟ ಸ್ವಿಚ್ಚು. ಟ್ಯಾಬ್ಲೆಟ್ಟು ಒಂದಾದ ಮೇಲೊಂದರಂತೆ ಸುಳ್ಳು ರೋಗಿಗಳ ದಾಖಲೆಗಳನ್ನು ಬರೆಯುತ್ತ ಹೋಗುತ್ತದೆ; ಪ್ರತಿಯೊಂದಕ್ಕೂ ಪಕ್ಕದ ಕಂಪ್ಯೂಟರಿಗೆ ಬರೆದಾಯಿತೆಂದು ಒಂದು ಗುರುತು ಕಳಿಸುತ್ತದೆ; ಸ್ವಿಚ್ಚು ಇದ್ದಕ್ಕಿದ್ದಂತೆ ಅದರ ಉಸಿರು ನಿಲ್ಲಿಸುತ್ತದೆ. ಮತ್ತೆ ಜೀವ ಬಂದಾಗ, ಗುರುತು ಬಂದ ದಾಖಲೆಗಳೆಲ್ಲ ಒಳಗೆ ಇವೆಯೋ ಇಲ್ಲವೋ ಎಂದು ತಾಳೆ ನೋಡಬೇಕು. ಬರೆದಾಯಿತು ಎಂದದ್ದು ಬರೆದಿರದಿದ್ದರೆ ಆ ಲೈಬ್ರರಿ ಸುಳ್ಳು ಹೇಳಿತೆಂದು ಅರ್ಥ. ಸಾವುಗಳೂ ಎಚ್ಚರಗಳೂ ತಮ್ಮ ಪಾಡಿಗೆ ನಡೆಯುತ್ತಿದ್ದವು. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಆಗಾಗ ಗುಡುಗಿ ನಿಲ್ಲುತ್ತಿತ್ತು. ಅವನಿಗೆ ಮಾಡಲು ಉಳಿದಿದ್ದ ಕೆಲಸ ಓದುವುದು. ಯಾವ ಲೈಬ್ರರಿಯನ್ನು ಆರಿಸುವ ಮುನ್ನವೂ ಇಂಟರ್ನೆಟ್ಟಿನಲ್ಲಿರುವ ಅದರ ಚರ್ಚೆಯ ಪುಟಗಳನ್ನು ಓದಬೇಕು. ಬಳಸುವವರು ಏನು ದೂರುತ್ತಾರೆ, ಬರೆದವರು ಎಷ್ಟು ಬೇಗ ಉತ್ತರಿಸುತ್ತಾರೆ, ಸಿಡುಕುತ್ತಾರೋ ಸಹಿಸುತ್ತಾರೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇದು ಅವನೇ ಹೊಸಬಳಿಗೆ ಕಲಿಸಿದ ಪಾಠ. ಕೆಲಸದ ಹೆಸರಿನಲ್ಲಿ ಅವನು ತನ್ನ ಹೆಂಡತಿಯ ಮೂರು ವರ್ಷದ ಮಾತುಕತೆಯನ್ನು ತೆರೆದು ಕುಳಿತ.

ಸಹಿಸುತ್ತಿದ್ದಳು. ಅಷ್ಟು ಸಹನೆ ಅವಳಲ್ಲಿ ಎಲ್ಲಿತ್ತೋ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ ಯಾರಿಗೋ ಮೂರನೆಯ ಸಲ ಮೊದಲಿನದಕ್ಕಿಂತ ಮೃದುವಾಗಿ ಉತ್ತರಿಸಿದ್ದಳು. ಮನೆಯಲ್ಲಿ ಕಾರಿನ ಕೀಲಿ ಎಲ್ಲಿ ಎಂದು ಅವನು ಎರಡನೆಯ ಸಲ ಕೇಳಿದರೆ, ನಿನ್ನ ಕಣ್ಣಿನ ಮುಂದೆ ಎನ್ನುವವಳು ಅವಳೇ. ಪುಟ ತಿರುವಿದಂತೆಲ್ಲ ಒಂದು ಹೆಸರು ಮತ್ತೆ ಮತ್ತೆ ಬಂತು: ಗೂಬೆ. ಅಡ್ಡಹೆಸರು, ಪಕ್ಕದಲ್ಲಿ ಎರಡು ದುಂಡು ಕಣ್ಣಿನ ಚಿತ್ರ. ಯಾರಿಗೂ ಕಾಣದ ದೋಷಗಳು ಗೂಬೆಗೆ ಕಾಣುತ್ತಿದ್ದವು, ಅವನ್ನು ಕುಟುಕುತ್ತ ಹೇಳುವುದೂ ಬರುತ್ತಿತ್ತು. ಹೆಂಡತಿ ಕುಟುಕಿಗೆ ಕುಟುಕು ಕೊಡುತ್ತಿದ್ದಳು, ಸೋತಾಗ ಸೋಲೊಪ್ಪುತ್ತಿದ್ದಳು. ಇವತ್ತು ನಿಮ್ಮಿಂದ ಬಯ್ಯಿಸಿಕೊಳ್ಳದಿದ್ದರೆ ದಿನ ಪೂರ್ತಿಯಾಗುತ್ತಿರಲಿಲ್ಲ ಎಂದು ಒಂದು ಕಡೆ ಬರೆದಿದ್ದಳು. ಅವನು ಆ ಸಾಲನ್ನು ಓದಿ, ಮೇಲೆ ಹೋಗಿ ದಿನಾಂಕ ನೋಡಿ, ಅಂದು ತಾನು ಎಲ್ಲಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ಮನೆಯಲ್ಲೇ ಇದ್ದಿರಬೇಕು, ಗೋಡೆಯ ಆಚೆ ಬದಿಗೆ. ಗೂಬೆ ಗಂಡಸೇ ಇರಬೇಕು. ಇಷ್ಟು ಸಲಿಗೆ ಗಂಡಸಿನದು. ಹೆಂಗಸಾದರೂ ಉರಿ ತಗ್ಗುವುದಿಲ್ಲವೆಂಬುದು ಮರುಗಳಿಗೆಯಲ್ಲೇ ಹೊಳೆದು, ಹಾಗಾದರೆ ಈ ಉರಿ ಯಾವುದರದೆಂದು ತಿಳಿಯದೆ ಕೆಡುಕೆನಿಸಿತು. ಅವನು ತನ್ನನ್ನು ಹುಡುಕತೊಡಗಿದ್ದ. ಮೂರು ವರ್ಷದ ಮಾತಿನಲ್ಲಿ ತಾನು ಎಲ್ಲಾದರೂ ಬರುತ್ತೇನೆಯೇ. ಮಗಳು ಬಂದಿದ್ದಳು, ಕೀಲಿಮಣೆಯ ಮೇಲೆ ಹಾಲು ಚೆಲ್ಲಿದ ಕಾರಣಕ್ಕೆ ತಡವಾದ ಉತ್ತರವೊಂದರಲ್ಲಿ. ಮಹಡಿ ಮೇಲಿನ ಮನೆಯವರ ಡ್ರಿಲ್ಲು ಬಂದಿತ್ತು. ಹನ್ನೊಂದರ ಹೊತ್ತಿಗೆ ಸಿಕ್ಕಿತು: ಕ್ಷಮಿಸಿ, ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ನಾಳೆ ನೋಡುತ್ತೇನೆ. ಹೋದ ವರ್ಷ ಅವನು ಜ್ವರದಲ್ಲಿ ಮಲಗಿದ್ದ ವಾರ ಅದು. ಒದ್ದೆ ಬಟ್ಟೆ ಹಿಂಡಿ ಹಣೆಗಿಟ್ಟ ಅವಳ ಕೈ ಅವನಿಗೆ ಚೆನ್ನಾಗಿ ನೆನಪಿತ್ತು. ಆ ಕೈಯೇ ಎದ್ದು ಹೋಗಿ ಇದನ್ನು ಬರೆದಿತ್ತು. ಮನೆಯಲ್ಲಿ ಒಬ್ಬರು. ಅದಕ್ಕೆ ಗೂಬೆಯ ಉತ್ತರ: ಡಬ್ಬಿ ಎಲ್ಲಿಗೂ ಓಡಿಹೋಗುವುದಿಲ್ಲ, ಆ ಒಬ್ಬರನ್ನು ನೋಡಿಕೊಳ್ಳಿ. ಗೂಬೆಯ ದಯೆಯಿಂದ ತಾನು ಗುಣವಾದಂತೆನಿಸಿ ಅವನಿಗೆ ಮೈ ಮುದುಡಿತು.

ಹನ್ನೊಂದೂ ಮುಕ್ಕಾಲಿಗೆ ಫಲಿತಾಂಶ ಬಂತು. ಗುರುತು ಬಂದಿದ್ದ ದಾಖಲೆಗಳಲ್ಲಿ ಕೆಲವು ಒಳಗೆ ಇರಲಿಲ್ಲ. ವಿದ್ಯುತ್ತು ಕಡಿದಾಗಲೆಲ್ಲ ಕೊನೆಯದೊಂದೋ ಎರಡೋ ಕಾಣೆ. ಡಬ್ಬಿ ಸುಳ್ಳು ಹೇಳಿತ್ತು. ಅವನ ಎದೆಯೊಳಗೆ ಏನೋ ಮೆಲ್ಲಗೆ ಬಿಚ್ಚಿಕೊಂಡಿತು, ಬಿಗಿಯಾದ ಬೂಟನ್ನು ಕಳಚಿದಾಗ ಪಾದಕ್ಕಾಗುವ ಹಾಗೆ. ಅದು ಸಂತೋಷವೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೂ ಅದು ಹೋಗಲಿಲ್ಲ. ಹೊಸಬಳನ್ನು ಕರೆದು ತೋರಿಸುವಾಗ ದನಿಯನ್ನು ಬೇಕೆಂದೇ ಸಪ್ಪೆ ಮಾಡಿಕೊಂಡ. ಚೆನ್ನಾಗಿ ಬರೆದಿದ್ದಾರೆ, ನಿಜ, ಆದರೆ ಆಸ್ಪತ್ರೆಯ ಕೆಲಸಕ್ಕೆ ಚೆಂದ ಸಾಲದು ಎಂದ. ಅವಳ ಮುಖ ಬಾಡಿತು. ಹೇಳಿಕೊಟ್ಟ ಪಾಠವನ್ನು ಮರೆಯದವಳು ಅವಳು. ದೋಷ ಕಂಡವರು ಅದನ್ನು ಬರೆದವರಿಗೆ ತಿಳಿಸಬೇಕು, ಪರೀಕ್ಷೆಯ ಸಮೇತ, ಎಲ್ಲರೂ ಕಾಣುವ ಪುಟದಲ್ಲಿ. ಇದು ಈ ಕಸುಬಿನ ಮರ್ಯಾದೆ. ಅವನು ಬುತ್ತಿ ಬಿಚ್ಚಿ ಕೂರುವಷ್ಟರಲ್ಲಿ ಅವಳು ಅವನ ಪರೀಕ್ಷೆಯ ಕೋಡನ್ನು, ಅವನ ಹೆಸರಿಲ್ಲದೆ, ನರ್ಸುಗಳಿಗೆ ಆ್ಯಪ್ ಮಾಡುವ ಒಂದು ಸಂಸ್ಥೆಯವರು ಎಂದಷ್ಟೇ ಬರೆದು ಡಬ್ಬಿಯ ಪುಟಕ್ಕೆ ಏರಿಸಿ ಬಂದು ಹೇಳಿದಳು. ತುತ್ತು ಅವನ ಬಾಯಲ್ಲೇ ನಿಂತಿತು. ಒಳ್ಳೇದು ಎಂದ. ಬೇಡವೆನ್ನಲು ಅವನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಅವಳ ಸೋಲಿನ ಎದುರಿಗೆ ಕೂತು ಉಣ್ಣುತ್ತಿದ್ದೇನೆಂಬ ಯೋಚನೆ ಬಂತು. ಬಂದರೂ ಊಟ ಸೇರಿತು.

ಮೊದಲು ಬಂದದ್ದು ಗೂಬೆ. ಊಟದ ಡಬ್ಬ ತೊಳೆದು ಅವನು ಹಿಂದಿರುಗುವಷ್ಟರಲ್ಲಿ ಹೊಸಬಳು ಪರದೆಯ ಮುಂದೆ ತುಟಿ ಕಚ್ಚಿಕೊಂಡು ನಿಂತಿದ್ದಳು, ನಗು ತಡೆಯಲೋ, ಮುಜುಗರಕ್ಕೋ. ಗೂಬೆ ಬರೆದಿತ್ತು: ಈ ಪರೀಕ್ಷೆ ಬರೆದವರು ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿದ ಕೂಡಲೇ ತಲುಪಿತೆಂದು ಊರಿಗೆಲ್ಲ ಹೇಳಿಬಿಡುವ ಪೈಕಿ. ಡಬ್ಬಿ ಬರೆದಾಯಿತೆಂದು ಹೇಳುವುದಕ್ಕೆ ಮೊದಲೇ ಗುರುತು ಕಳಿಸಿಯಾಗಿದೆ. ಕೈಪಿಡಿಯ ಎರಡನೆಯ ಪುಟ ಓದುವಷ್ಟೂ ವ್ಯವಧಾನವಿಲ್ಲದವರು ನರ್ಸುಗಳಿಗೆ ಆ್ಯಪ್ ಮಾಡುತ್ತಾರೆಂದರೆ ನಾನು ಕಾಯಿಲೆ ಬೀಳದಂತೆ ನೋಡಿಕೊಳ್ಳಬೇಕು. ಅವನ ಕಿವಿಗಳು ಕಾದವು. ಹೊಸಬಳು ಅವನ ಕಡೆ ನೋಡದೆ, ನಮ್ಮ ಹೆಸರು ಹಾಕಿಲ್ಲ ಸರ್ ಎಂದಳು. ಆ ಸಮಾಧಾನವೇ ಹೆಚ್ಚು ಚುಚ್ಚಿತು. ಅವನು ತನ್ನ ಕುರ್ಚಿಗೆ ಹೋಗಿ ಡಬ್ಬಿಯ ಕೈಪಿಡಿಯನ್ನು ತೆರೆದ. ಎರಡನೆಯ ಪುಟದಲ್ಲಿ, ಬೇರೆ ಬಣ್ಣದ ಅಕ್ಷರಗಳಲ್ಲಿ, ಹಳೆಯ ಲೈಬ್ರರಿಗಳಂತೆ ಇಲ್ಲಿ ಕೊಟ್ಟ ಕೂಡಲೇ ಬರೆದಾಯಿತೆಂದು ತಿಳಿಯಬೇಡಿ, ಡಬ್ಬಿ ತಾನಾಗಿ ಹೇಳುವವರೆಗೆ ಕಾಯಿರಿ ಎಂದಿತ್ತು. ತೊಳೆಯುವ ಯಂತ್ರದ ಕೈಪಿಡಿಯನ್ನೂ ಕೊನೆಯ ಪುಟದವರೆಗೆ, ಖಾತರಿಯ ಷರತ್ತುಗಳ ಸಮೇತ ಓದುವವನು ಅವನು. ಇದನ್ನು ಓದಿರಲಿಲ್ಲ. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಮನೆಯಲ್ಲಿ ತೆರೆದಿದ್ದ. ಮೊದಲ ಪ್ಯಾರಾದಲ್ಲೇ ಅವಳ ದನಿ ಕೇಳಿಸಿತ್ತು, ಮಗಳಿಗೆ ಬೂಟಿನ ದಾರ ಕಟ್ಟುವುದನ್ನು ಹೇಳಿಕೊಡುವಾಗಿನ ದನಿ, ಒಂದು ಕುಣಿಕೆ, ಅದರ ಸುತ್ತ ಇನ್ನೊಂದು. ಆ ದನಿಯ ಮುಂದೆ ಕಲಿಯಲು ಕೂರುವುದಾಗದೆ ಪುಟ ಮುಚ್ಚಿ, ಹಳೆಯ ಲೈಬ್ರರಿಗೆ ಬರೆದಿದ್ದ ಪರೀಕ್ಷೆಯನ್ನೇ ನಕಲು ಮಾಡಿ, ಹೆಸರು ಬದಲಿಸಿದ್ದ. ಅದರಲ್ಲಿ ಗುರುತು ಕಳಿಸುವ ಆಜ್ಞೆ ದಾಖಲೆ ಕೊಟ್ಟ ಮುಂದಿನ ಸಾಲಿನಲ್ಲೇ ಇತ್ತು, ಹಳೆಯದಕ್ಕೆ ಇರಬೇಕಾದದ್ದೂ ಅಲ್ಲೇ. ಡಬ್ಬಿಗೆ ಅಲ್ಲ. ಆಗ ಅವಳು ಗೋಡೆಯ ಆಚೆಗೆ, ನಾಲ್ಕು ಹೆಜ್ಜೆ ದೂರದಲ್ಲಿ, ಬಟ್ಟೆ ಮಡಿಸುತ್ತಿದ್ದಳು.

ಒಂದೂವರೆಗೆ ಅವಳ ಉತ್ತರ ಬಂತು. ಪರೀಕ್ಷೆಯನ್ನು ಪೂರ್ತಿಯಾಗಿ ಕಳಿಸಿದ್ದಕ್ಕೆ ಕೃತಜ್ಞತೆಯಿಂದ ಆರಂಭಿಸಿ, ಯಾವ ಸಾಲು ಎಲ್ಲಿಗೆ ಹೋಗಬೇಕೆಂದು ತಿದ್ದಿ ತೋರಿಸಿ, ಈ ತಪ್ಪಿಗೆ ಕೈಪಿಡಿಯೂ ಕಾರಣ, ಎಚ್ಚರಿಕೆ ಮೊದಲ ಪುಟದಲ್ಲೇ ಇರಬೇಕಿತ್ತು, ಬದಲಿಸುತ್ತೇನೆ ಎಂದಿದ್ದಳು. ಕೊನೆಯಲ್ಲಿ ಗೂಬೆಗೆ: ಇಷ್ಟು ಜೋರು ಬೇಡ. ಬರೆದವರು ತುಂಬ ಎಚ್ಚರದ ಮನುಷ್ಯ, ಉಳಿದ ಸಾಲುಗಳನ್ನು ನೋಡಿದರೆ ಗೊತ್ತಾಗುತ್ತದೆ. ಎಂಥವರ ಕೈಯೂ ಒಂದು ದಿನ ಅವಸರ ಮಾಡುತ್ತದೆ. ಅವನು ಮತ್ತೆ ಓದಿದ. ಅವಳ ಬಾಯಿಂದ ತನ್ನ ಬಗ್ಗೆ ಇಂಥ ಮಾತನ್ನು ಎಂದು ಕೇಳಿದ್ದೆ? ಗೂಬೆಯ ಎದುರು ಅವಳು ಕಾಪಾಡಿದ್ದು ಒಬ್ಬ ಅಪರಿಚಿತನನ್ನು. ಹೆಸರಿಲ್ಲದ, ಕಾರಿನ ಕೀಲಿ ಕಳೆದುಕೊಳ್ಳದ, ನಾದಿನಿಯ ಕೆಲಸವೇನೆಂದು ಕೇಳುವ ಅಕ್ಕನಿಲ್ಲದ ಒಬ್ಬ ಮನುಷ್ಯನನ್ನು. ಅವನಿಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು. ಇದರ ವಿಚಿತ್ರ ಅವನಿಗೆ ತಿಳಿಯದಿರಲಿಲ್ಲ, ತಿಳಿದದ್ದರಿಂದ ಕಿಚ್ಚು ತಗ್ಗಲೂ ಇಲ್ಲ. ಸಾಲನ್ನು ಅವಳು ಹೇಳಿದಲ್ಲಿಗೆ ಸರಿಸಿ ಪರೀಕ್ಷೆಯನ್ನು ಮತ್ತೆ ಹಚ್ಚಿದ. ಟ್ಯಾಬ್ಲೆಟ್ಟು ಸಾಯುವುದನ್ನೂ ಏಳುವುದನ್ನೂ ನೋಡುತ್ತ ಕೂರಲಾಗದೆ ಮೆಟ್ಟಿಲ ತಿರುವಿಗೆ ಹೋಗಿ ಮನೆಗೆ ಫೋನ್ ಮಾಡಿದ. ಕೆಳಗಿನಿಂದ ರಬ್ಬರಿನ ವಾಸನೆ ಏರಿ ಬರುತ್ತಿತ್ತು.

ಮಗಳು ಮಲಗಿದ್ದಾಳೆ ಎಂದಳು ಅವಳು. ಸಂಜೆ ಬರುವಾಗ ಬಲ್ಬು ತರಬೇಕು ಎಂದಳು. ಆಮೇಲೆ, ಏನು ಸಮಾಚಾರ ಎಂದಳು.

"ಗೂಬೆ ಯಾರು?"

"ಯಾವ ಗೂಬೆ? ಓ. ಗೊತ್ತಿಲ್ಲ."

"ಮೂರು ವರ್ಷದಿಂದ ಮಾತಾಡ್ತಿದ್ದೀಯ."

"ಹೌದು. ಗಂಡಸೋ ಹೆಂಗಸೋ ಗೊತ್ತಿಲ್ಲ. ಕೇಳ್ಬೇಕು ಅಂತ ಅನ್ನಿಸ್ಲಿಲ್ಲ." ಮತ್ತೆ ಸೇರಿಸಿದಳು: "ನೀನು ಓದಿದ್ಯಾ ಅದನ್ನೆಲ್ಲ?"

"ಕೆಲಸಕ್ಕೆ ಓದ್ಬೇಕಾಯ್ತು."

"ಪರೀಕ್ಷೆ ನಿಂದು ಅಂತ ಮೂರನೇ ಸಾಲಿಗೇ ಗೊತ್ತಾಯ್ತು. ಸಮ ಅನ್ನೋ ಗುರುತುಗಳನ್ನೆಲ್ಲ ಒಂದರ ಕೆಳಗೊಂದು ನಿಲ್ಲಿಸೋರು ಇನ್ಯಾರಿದ್ದಾರೆ?"

ಅವನು ಗೋಡೆಗೆ ಒರಗಿದ. ಗೊತ್ತಿದ್ದೂ ಅಪರಿಚಿತರಿಗೆ ಬರೆದ ಹಾಗೆ ಯಾಕೆ ಬರೆದೆ ಎಂದು ಕೇಳಿದ. ಅಲ್ಲಿ ಎಲ್ಲರಿಗೂ ಹಾಗೇ ಬರೆಯೋದು ಎಂದಳು ಅವಳು, ಅದರಲ್ಲಿ ಕೇಳಲು ಏನಿದೆ ಎಂಬಂತೆ. ಮತ್ತೆ ಅವಳೇ, ದನಿ ಏರಿಸದೆ, ಬಲ್ಬಿನ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದಳು: "ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ. ಕೇಳ್ತೀಯ ಅಂತ ಮೊದಲನೇ ವರ್ಷ ಕಾದೆ."

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ಆಸ್ಪತ್ರೆಯ ಕಡೆಯವರು ಯಾರೂ ಇದುವರೆಗೆ ಡಬ್ಬಿಯನ್ನು ಮುಟ್ಟಿಲ್ಲ ಎಂದಳು. ಆಟಗಳಿಗೆ ಬಳಸಿದ್ದಾರೆ, ಅಡುಗೆಯ ಆ್ಯಪ್‌ಗಳಿಗೆ ಬಳಸಿದ್ದಾರೆ. "ಯಾರದೋ ಔಷಧಿ ಅದರೊಳಗೆ ಇರುತ್ತೆ ಅಂತ ನಿನ್ನೆವರೆಗೂ ಅಂದ್ಕೊಂಡಿರ್ಲಿಲ್ಲ. ಭಯಾನೂ ಆಗುತ್ತೆ." ಆಮೇಲೆ, "ನನಗಾಗಿ ಏನೂ ಮಾಡ್ಬೇಡ. ಇರೋದನ್ನ ಬರಿ," ಎಂದು ಫೋನಿಟ್ಟಳು.

ನಾಲ್ಕು ಗಂಟೆಗೆ ಎರಡನೆಯ ಫಲಿತಾಂಶ ಬಂತು. ಒಂದು ದಾಖಲೆಯೂ ಕಾಣೆಯಾಗಿರಲಿಲ್ಲ. ಹೊಸಬಳು ಕುರ್ಚಿಯಲ್ಲೇ ಸಣ್ಣಗೆ ಕುಣಿದಳು. ಅವನು ವರದಿ ಬರೆದ, ಅಂಕಿಗಳು, ಕೋಷ್ಟಕಗಳು, ಬೆಳಗಿನ ತಪ್ಪಿನ ವಿವರ, ಎಲ್ಲ ಅದರದರ ಜಾಗದಲ್ಲಿ. ಪರೀಕ್ಷೆಯ ಮಿತಿಗಳು ಎಂಬ ಕೊನೆಯ ಶೀರ್ಷಿಕೆಯ ಕೆಳಗೆ ಮಾತ್ರ ಏನೂ ತೋಚದೆ ಖಾಲಿ ಬಿಟ್ಟ. ಐದಕ್ಕೆ ಮಾಲೀಕರು ಕನ್ನಡಕವನ್ನು ಹಣೆಗೇರಿಸಿ ವರದಿಯನ್ನು ಹತ್ತಿರ ಹಿಡಿದು ಓದಿದರು. ಹಗುರ, ಚುರುಕು, ಏನೂ ಕಳೆಯೋದಿಲ್ಲ ಅಂತೀರಿ. ಆದರೆ ಇದನ್ನ ನೋಡ್ಕೊಳ್ಳೋದು ಒಬ್ಬರೇ ಅಂತ ಈ ಹುಡುಗಿ ಹೇಳ್ತಾಳೆ, ಆ ಒಬ್ಬರಿಗೆ ನಾಳೆ ಬೇಸರ ಬಂದ್ರೆ ಗತಿ ಏನು ಎಂದರು. ನ್ಯಾಯವಾದ ಪ್ರಶ್ನೆ. ಯಾವ ಎಂಜಿನಿಯರಾದರೂ ಕೇಳಬೇಕಾದ್ದು. ಅವನು ಅದನ್ನು ತಾನೇ ವರದಿಯಲ್ಲಿ ಎತ್ತಬೇಕಿತ್ತು, ಎತ್ತಿರಲಿಲ್ಲ. ಎತ್ತದಿದ್ದುದು ಔದಾರ್ಯದಿಂದಲೋ, ಬೇರೆ ಯಾರಾದರೂ ಎತ್ತಲಿ ಎಂದು ಕಾದೋ ಈಗ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಬೆಳಗಿನ ಆ ಬೂಟು ಕಳಚಿದ ಹಿತ ಮತ್ತೆ ಪಾದಕ್ಕೆ ಬಂದಿತ್ತು. ಒಬ್ಬರೇ ಎಂದರೆ ಸಾಕು. ಸುಳ್ಳಲ್ಲ. ಯಾರೂ ತಪ್ಪು ಹುಡುಕಲಾರರು, ಗೂಬೆಯೂ. ಡಬ್ಬಿ ಆಟಗಳಿಗೂ ಅಡುಗೆಗೂ ಹಿಂದಿರುಗುತ್ತದೆ, ಅವಳು ಊಟದ ಮೇಜಿನ ಮೂಲೆಗೆ. ಅವಳಿಗೆ ಬೇಸರ ಬರುವುದಿಲ್ಲವೆಂದು ಈ ಕೋಣೆಯಲ್ಲಿ ಬಲ್ಲವನು ಅವನೊಬ್ಬನೇ: ಎಳೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದವಳು, ಅವನ ಜ್ವರದ ಮರುದಿನ, ಹೇಳಿದಂತೆ, ಉತ್ತರ ಕೊಟ್ಟವಳು.

"ನೀವೇ ಹೇಳ್ರಿ," ಎಂದರು ಮಾಲೀಕರು. "ಇಂಥದ್ರಲ್ಲಿ ನಿಮ್ಮ ಮಾತೇ ಕೊನೆ. ಬೇಡ ಅಂದ್ರೆ ಬೇಡ."

ಬೇಡ ಎಂಬುದು ಎಷ್ಟು ಪುಟ್ಟ ಮಾತು. ಅವನು ವರದಿಯನ್ನು ಹಿಂದಕ್ಕೆ ತೆಗೆದುಕೊಂಡ. ವರದಿ ಇನ್ನೂ ಪೂರ್ತಿಯಾಗಿಲ್ಲ, ಒಂದು ಭಾಗ ಉಳಿದಿದೆ, ಹತ್ತು ನಿಮಿಷ ಕೊಡಿ ಎಂದು ಎದ್ದ. ಪೂರ್ತಿಯಾಗದ ವರದಿಯನ್ನು ಅವನು ಮೇಜಿನ ಮೇಲಿಟ್ಟದ್ದನ್ನು ಮಾಲೀಕರು ಈ ಏಳು ವರ್ಷಗಳಲ್ಲಿ ಕಂಡಿರಲಿಲ್ಲ. ಕನ್ನಡಕವನ್ನು ಹಣೆಯಿಂದಿಳಿಸಿ ಅವನನ್ನೇ ನೋಡಿದರು. ಅವನು ತನ್ನ ಕುರ್ಚಿಗೆ ಬಂದು ಕುಳಿತು, ಖಾಲಿ ಬಿಟ್ಟ ಶೀರ್ಷಿಕೆಯ ಕೆಳಗೆ ಬರೆದ:

ಬರೆದಾಯಿತೆಂದು ತಾನು ಹೇಳಿದ ಯಾವ ದಾಖಲೆಯನ್ನೂ ಡಬ್ಬಿ ಕಳೆದಿಲ್ಲ. ಅದನ್ನು ನೋಡಿಕೊಳ್ಳುವವರು ಒಬ್ಬರೇ. ಇದು ನಿಜವಾದ ಅಪಾಯ, ಇದನ್ನು ತೂಗಿ ನೋಡಬೇಕು. ಆದರೆ ಪರೀಕ್ಷಕನು ಡಬ್ಬಿಯನ್ನು ಬರೆದವರ ಗಂಡ, ಮತ್ತು ಅದು ಸೋಲಲೆಂದು ಬಯಸಿದ್ದವನು. ಆದುದರಿಂದ ತೂಗುವ ಕೆಲಸಕ್ಕೆ ಅವನು ಅರ್ಹನಲ್ಲ.